ಹಾಸಿಗೆ ಸರ್ಕಾರದ್ದು, ಕಾಲು ಮಡಚುವವರು ಯಾರು?

2025ರ ಜನವರಿ 5. ಹರಿಹರದಲ್ಲಿ ಸರ್ಕಾರಿ ಬಸ್ ಹತ್ತಿದ ಗಂಡಸು ಪ್ರಯಾಣಿಕ ಟಿಕೆಟ್ಟಿನ ಮುಖ ನೋಡಿದ. ಆಮೇಲೆ ಕಂಡಕ್ಟರ್ ಮುಖ ನೋಡಿದ.

“ಏನ್ರೀ ಇದು, ರಾತ್ರಿ ಕಳೆದು ಬೆಳಗಾಗೋದ್ರೊಳಗೆ ಏರಿಸಿಬಿಟ್ರಾ?”

“ನಮ್ಮನ್ ಕೇಳಿದ್ರೆ ಏನ್ ಹೇಳೋಣ್ರೀ? ಬೆಂಗಳೂರಿನೋರನ್ನ ಕೇಳ್ರಿ.”

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ! ಅವತ್ತಿನಿಂದ ಸರ್ಕಾರಿ ಬಸ್ ದರ ಶೇಕಡಾ 15 ಏರಿತ್ತು. ದಾವಣಗೆರೆಯ ಅಂಗಡಿಗಳಿಗೆ ದಿನಾ ಕೆಲಸಕ್ಕೆ ಬಂದುಹೋಗುವ ಹರಿಹರದ ಹುಡುಗರ ಜೇಬಿಗೆ ಮೊದಲ ಕತ್ತರಿ ಬಿದ್ದದ್ದು ಹೀಗೆ.

ಬಜೆಟ್ ಅಂದರೆ ವಿಧಾನಸೌಧದಲ್ಲಿ ಓದುವ ದಪ್ಪ ಪುಸ್ತಕ, ನಮಗೇನು ಸಂಬಂಧ ಅನ್ನುವವರು ಬಹಳ ಮಂದಿ ಇದ್ದಾರೆ. ಅದರ ಲೆಕ್ಕ ಕೊನೆಗೆ ಇತ್ಯರ್ಥವಾಗೋದು ಮಾತ್ರ ಮಂಡಿಪೇಟೆಯ ಗಲ್ಲಾಪೆಟ್ಟಿಗೆಯಲ್ಲಿ, ಬಸ್ಸಿನ ಸೀಟಿನ ಮೇಲೆ.

ಅಂಗಡಿ ಲೆಕ್ಕ, ರಾಜ್ಯದ ಲೆಕ್ಕ

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ ಓದಿದರು. ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಸಾಲವೇ 1,16,000 ಕೋಟಿ. ಅಂದರೆ ಪ್ರತಿ ರೂಪಾಯಿಗೆ ಸುಮಾರು 28 ಪೈಸೆ ಕೈಗಡ. ಐದು ಗ್ಯಾರಂಟಿಗಳಿಗೆ ಎತ್ತಿಟ್ಟದ್ದು 51,034 ಕೋಟಿ, ಅಂದರೆ ರೂಪಾಯಿಗೆ ಹನ್ನೆರಡೂವರೆ ಪೈಸೆ ಹತ್ತಿರ. ರಾಜಸ್ವದ ಕೊರತೆ 19,262 ಕೋಟಿ.

ರಾಜಸ್ವದ ಕೊರತೆ ಅಂದರೆ ಏನು? ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. ಸಾಲ ತಂದು ಮಾಲು ಹಾಕಿದರೆ ಚಿಂತೆಯಿಲ್ಲ, ಮಾಲು ಮಾರಿ ಸಾಲ ತೀರಿಸಬಹುದು. ಸಾಲ ತಂದು ಮನೆಯ ಅಕ್ಕಿ-ಬೇಳೆ ತಂದರೆ, ಆಳಿನ ಸಂಬಳ ಕೊಟ್ಟರೆ, ಹಳೇ ಸಾಲದ ಬಡ್ಡಿ ಕಟ್ಟಿದರೆ? ಅಂಥ ಅಂಗಡಿಗೆ ಎಷ್ಟು ದಿನ ಆಯುಸ್ಸು? 2023ರ ಜುಲೈ ಬಜೆಟ್ಟಿನಿಂದ ಲೆಕ್ಕ ಹಾಕಿದರೆ 2025ರದ್ದು ಸತತ ಮೂರನೇ ಕೊರತೆ. ಇದೇ ಕರ್ನಾಟಕ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿ ಇಡೀ ದೇಶಕ್ಕೆ ಬುದ್ಧಿ ಹೇಳಿದ್ದು!

ಕೈಗೆ ಸಿಕ್ಕಿದ್ದು ಡೀಸೆಲ್

ಕೊರತೆ ತುಂಬೋದು ಎಲ್ಲಿಂದ? ಹಳಬರಿಗೆ ಊರ ಬಾಗಿಲಿನ ಆಕ್ಟ್ರಾಯ್ ನಾಕಾ ನೆನಪಿರಬೇಕು. 1979ರಲ್ಲಿ ಅದು ಹೋಗಿ ಪ್ರವೇಶ ತೆರಿಗೆ ಬಂತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ಒಂದೇ ಕೂತು ಸೋಪು-ಸಕ್ಕರೆಯ ತೆರಿಗೆ ಏರಿಸುವ ಹಾಗಿಲ್ಲ. ಕೈಯಲ್ಲಿ ಉಳಿದದ್ದು ಪೆಟ್ರೋಲು, ಡೀಸೆಲು, ಹೆಂಡ, ನೋಂದಣಿ, ವಾಹನ ತೆರಿಗೆ. ಬೊಕ್ಕಸ ಬರಿದಾದಾಗಲೆಲ್ಲ ಕೈ ಹೋಗೋದು ಅಲ್ಲಿಗೇ.

2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಶೇಕಡಾ 25.92ರಿಂದ 29.84ಕ್ಕೆ ಏರಿತು. ಡೀಸೆಲ್ ಮೇಲಿನದೂ ಶೇಕಡಾ 18 ದಾಟಿತು. 2025ರ ಏಪ್ರಿಲ್ 1ಕ್ಕೆ ಮತ್ತೆ ಏರಿ 21.17 ಆಯಿತು. ಆ ವರ್ಷದ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಜಿಗಿಯಿತು.

ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರುತ್ತದೆ, ಲಾರಿ ಬಾಡಿಗೆ ಏರಿದರೆ ಈರುಳ್ಳಿ ಏರುತ್ತದೆ. ಬೈಸಿಕೊಳ್ಳುವವನು ಮಾತ್ರ ಚಿಲ್ಲರೆ ಅಂಗಡಿಯವನು!

2025ರ ಜುಲೈನಲ್ಲಿ ಇನ್ನೊಂದು ಫಜೀತಿ. ಫೋನಿನಲ್ಲಿ ದುಡ್ಡು ತಗೊಂಡ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ಬಂತು. ಎಷ್ಟೋ ಕಡೆ ಕ್ಯೂಆರ್ ಚೀಟಿ ಕಿತ್ತು “ನಗದು ಮಾತ್ರ” ಅಂತ ಬೋರ್ಡು ತೂಗುಹಾಕಿದರು. ಬಂದ್ ಮಾತು ಎದ್ದ ಮೇಲೆ ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆದು, ಹಳೇ ಬಾಕಿ ವಸೂಲಿ ಇಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದರು. ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು, ಅದು ಕಾನೂನು, ಸರಿ. ಅದನ್ನು ಮೊದಲೇ ಬಂದು ತಿಳಿಸಿ ಹೇಳಲು ಏನು ಕಷ್ಟವಿತ್ತು?

ಕೊಡದೆ ಉಳಿಸುವ ಜಾಣತನ

“ಎಲ್ಲಾ ಈ ಪುಕ್ಕಟೆ ಬಸ್ಸಿನಿಂದ ಆಗಿದ್ದು” ಅಂತ ಕಟ್ಟೆ ಮೇಲೆ ಕೂತವರು ತೀರ್ಪು ಕೊಡುತ್ತಾರೆ. ಅದು ಪೂರ್ತಿ ನ್ಯಾಯವಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾದ ಮೇಲೆ ಹಳ್ಳಿಯ ಹೆಣ್ಣುಮಗಳು ಟಿಕೆಟ್ಟಿನ ಚಿಂತೆಯಿಲ್ಲದೆ ಪೇಟೆಗೆ ಬರುವಂತಾಯಿತು. ಅವಳ ಕೈಯಲ್ಲಿ ಉಳಿದ ದುಡ್ಡು ಚೌಕಿಪೇಟೆಯ ಅಂಗಡಿಯಲ್ಲೇ ತಾನೇ ಖರ್ಚಾಗೋದು?

ತಪ್ಪಿರುವುದು ಬೇರೆ ಕಡೆ. ಹೆಂಗಸರ ಟಿಕೆಟ್ಟಿನ ಹಣವನ್ನು ಸರ್ಕಾರ ಬಸ್ ನಿಗಮಗಳಿಗೆ ತುಂಬಿಕೊಡಬೇಕು. ಅದು ಪೂರ್ತಿಯಾಗಿ ಬರಲಿಲ್ಲ. ನಿಗಮಗಳು ಬಾಕಿ ತೀರಿಸಲು ಸಾಲಕ್ಕೆ ಕೈಚಾಚಬೇಕಾಯಿತು. ಅದೇ ನಿಗಮದ ಡೀಸೆಲ್ ಮೇಲೆ ಅದೇ ಸರ್ಕಾರದ ತೆರಿಗೆ! ಎಡಗೈಯಲ್ಲಿ ಕೊಟ್ಟ ಹಾಗೆ ಮಾಡಿ ಬಲಗೈಯಲ್ಲಿ ಕಸಿದುಕೊಂಡರೆ ನಡುವೆ ಸಿಕ್ಕಿಕೊಂಡವನು ಟಿಕೆಟ್ ತಗೊಳ್ಳುವ ಗಂಡಸು. 2025ರ ಆಗಸ್ಟ್ 5ರಂದು 38 ತಿಂಗಳ ಹಿಂಬಾಕಿ ಕೇಳಿ ಡ್ರೈವರ್, ಕಂಡಕ್ಟರ್‌ಗಳು ಮುಷ್ಕರ ಹೂಡಿದರು. ಕೊಡಬೇಕಾದ್ದನ್ನು ಕೊಡದೆ ಇಟ್ಟುಕೊಳ್ಳುವುದಕ್ಕೆ ಮಿತವ್ಯಯ ಅಂತಾರೇನು? ಪೇಟೆ ಭಾಷೆಯಲ್ಲಿ ಅದಕ್ಕೆ ಉದ್ರಿ ಮುಳುಗಿಸೋದು ಅಂತಾರೆ.

ಮೇಲಿನವರಿಗೆ ಕತ್ತರಿ ಇಲ್ಲ

ಇನ್ನು ಖರ್ಚು ಕಡಿತ. 2025ರ ಮಾರ್ಚ್ 21. ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ವಿರೋಧ ಪಕ್ಷದ 18 ಶಾಸಕರು ಅಮಾನತಾದರು. ಆ ಗದ್ದಲದಲ್ಲೇ ಒಂದು ಕೆಲಸ ಮಾತ್ರ ಸಲೀಸಾಗಿ ಆಯಿತು. ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರ, ಮಂತ್ರಿಗಳದ್ದು 60 ಸಾವಿರದಿಂದ ಒಂದೂಕಾಲು ಲಕ್ಷ, ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷ! ಹನ್ನೊಂದು ದಿನ ಕಳೆಯುವಷ್ಟರಲ್ಲಿ ಜನರಿಗೆ ಡೀಸೆಲ್ ತೆರಿಗೆ ಬಂತು.

ಬಿಜೆಪಿಯವರು ನಗುವ ಹಾಗಿಲ್ಲ. 2022ರ ಫೆಬ್ರವರಿಯಲ್ಲಿ ಅವರ ಸರ್ಕಾರವಿದ್ದಾಗಲೂ ಸಂಬಳ ಏರಿದ್ದು ಹೀಗೇ, ಗದ್ದಲದ ನಡುವೆ, ಚರ್ಚೆಯಿಲ್ಲದೆ. ಆಗ ಗದ್ದಲ ಮಾಡಿದವರು ಕಾಂಗ್ರೆಸ್‌ನವರು. ಪಕ್ಷ ಬದಲಾದರೂ ಪಾಠ ಬದಲಾಗಲಿಲ್ಲ.

ಶಾಸಕರ ಸಂಬಳ ಇಳಿಸಿದ ಮಾತ್ರಕ್ಕೆ 19 ಸಾವಿರ ಕೋಟಿ ತುಂಬುತ್ತದೆಯೇ? ಖಂಡಿತ ಇಲ್ಲ. ಆದರೆ ಯಜಮಾನ ಹೊಸ ಕಾರು ತಂದ ತಿಂಗಳೇ ಆಳಿಗೆ “ಈ ಸಲ ಬೋನಸ್ ಇಲ್ಲಪ್ಪ, ವ್ಯಾಪಾರ ಡಲ್ಲು” ಅಂದರೆ ನಂಬುತ್ತಾನಾ?

ಮುಂದಿನ ಬಜೆಟ್ಟುಗಳಿಗೆ ಜನ ಕೇಳಬೇಕಾದ್ದು ಮೂರೇ ಮಾತು. ಒಂದು, ತೆರಿಗೆ ಏರಿಸಿದ ದಿನವೇ ಸರ್ಕಾರ ತನ್ನ ಯಾವ ಖರ್ಚು ಇಳಿಸಿತು ಎಂದು ಪಕ್ಕದಲ್ಲೇ ಬರೆದು ತೋರಿಸಲಿ. ಎರಡು, ಶಕ್ತಿಯ ಹಣ ಬಸ್ ನಿಗಮಕ್ಕೆ ತಿಂಗಳು ತಿಂಗಳು ಸಂದಾಯವಾಗಲಿ. ಮೂರು, ಶಾಸಕರ ಸಂಬಳವನ್ನು ಶಾಸಕರೇ ನಿಗದಿ ಮಾಡಿಕೊಳ್ಳುವುದು ನಿಲ್ಲಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಹಾಸಿಗೆ ಗಿಡ್ಡ ಅನ್ನೋದು ನಿಜವಾದರೆ ದಾವಣಗೆರೆ, ಹರಿಹರದ ಜನ ಕಾಲು ಮಡಚಿಕೊಳ್ಳಲು ತಯಾರಿದ್ದಾರೆ. ದಿಂಬಿನ ಕಡೆ ಮಲಗಿದವರು ಮೊದಲು ಸ್ವಲ್ಪ ಸರಿಯಲಿ.