ಕಡಲದಂಡೆಯ ಮತ್ಸ್ಯಾಲಯದಲ್ಲಿ ನಮ್ಮ ಕಡಲೇ ಕಾಣಲಿ

ಮಾನ್ಯ ಮೀನುಗಾರಿಕೆ ಸಚಿವರೇ,

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ ಹೋಬಳಿಯಿಂದ ಈ ಪತ್ರ. ಶೇಂಗಾ ನಂಬಿ ಬದುಕುವ, ಮಳೆ ಕೈಕೊಡುವುದೇ ಹೆಚ್ಚಾದ ಸೀಮೆ ಇದು. ಇಲ್ಲಿಂದ ಬಳ್ಳಾರಿ, ಹುಬ್ಬಳ್ಳಿ ಮೇಲೆ ಕಡಲತೀರದ ಕಾರವಾರಕ್ಕೆ ಹೋದರೆ ಹತ್ತಿರ ಹತ್ತಿರ ನಾನೂರು ಕಿಲೋಮೀಟರ್. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ, ಹಗಲೆಲ್ಲ ಸುತ್ತಾಡಿ, ಮತ್ತೆ ರಾತ್ರಿ ಬಸ್ಸಿಗೇ ಮರಳಬೇಕು. ಕೂಲಿ ಮಾಡುವವರ ಮನೆಗೆ ಇದು ಎಟುಕದ ಮಾತಾಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ತಾಯಿ, ಅಜ್ಜಿ, ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ಬಯಲುಸೀಮೆಯವರು ಕಡಲಿಗೆ ಹೋಗಿಬರುವ ದಾರಿಯನ್ನು ಸರ್ಕಾರವೇ ಸಲೀಸು ಮಾಡಿದೆ. ಅಷ್ಟು ದೂರ ಹೋದವರಿಗೆ ಅಲ್ಲಿ ಏನು ನೋಡಸಿಗುತ್ತದೆ ಎಂಬುದನ್ನೂ ತಾವು ಯೋಚಿಸಬೇಕೆಂದು ಕೋರುತ್ತೇನೆ.

ದಡದಲ್ಲಿ ನಿಂತವರಿಗೆ ಕಾಣುವುದು ಅಲೆ, ಮರಳು, ದೂರದ ದೋಣಿ. ನೀರಿನೊಳಗಿನ ಬದುಕು ಕಾಣಬೇಕಾದರೆ ಈಜು ಬಾರದ, ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡುವಷ್ಟು ಹಣವಿಲ್ಲದ ಕುಟುಂಬಕ್ಕೆ ಉಳಿದಿರುವುದು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವಂಥ ಪುಟ್ಟ ಮತ್ಸ್ಯಾಲಯವೊಂದೇ. ನಮ್ಮಲ್ಲಿ ಮತ್ಸ್ಯಾಲಯ ಎಂದರೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ತೆರೆದ ಮತ್ಸ್ಯಾಲಯದ ಮಾದರಿಯೇ ಮನಸ್ಸಿಗೆ ಬರುತ್ತದೆ: ಗೋಲ್ಡ್‌ಫಿಶ್, ಏಂಜಲ್ ಫಿಶ್‌ನಂಥ ಸಿಹಿನೀರಿನ ಅಲಂಕಾರದ ಮೀನುಗಳು. ಕಡಲಿಲ್ಲದ ಊರಿಗೆ ಅದು ಸರಿ. ಆದರೆ ಕರಾವಳಿಯಲ್ಲೂ ಅದೇ ಮಾದರಿ ಹಿಡಿದರೆ, ಚೀನಾದಲ್ಲಿ ಸಾವಿರ ವರ್ಷದ ಹಿಂದೆ ಸಾಕಿ ಬೆಳೆಸಿದ ಗೋಲ್ಡ್‌ಫಿಶ್ಶನ್ನು, ಚಳ್ಳಕೆರೆಯ ಅಂಗಡಿಯಲ್ಲೂ ಸಿಗಬಹುದಾದ ಮೀನನ್ನು, ನೋಡಲು ನಮ್ಮ ಮಕ್ಕಳು ನಾನೂರು ಕಿಲೋಮೀಟರ್ ಹೋದಂತಾಗುತ್ತದೆ. ಕರಾವಳಿಯ ಮತ್ಸ್ಯಾಲಯ ಮೊದಲು ತನ್ನೆದುರಿನ ಕಡಲನ್ನೂ ಅಳಿವೆಯನ್ನೂ ತೋರಿಸಬೇಕು. ನಾನು ಕೇಳುತ್ತಿರುವುದು ಇಷ್ಟೇ.

ತೋರಿಸಲು ಏನಿದೆ ಎನ್ನುವಿರಾ? ಬಂಡೆಗೆ ಕಚ್ಚಿಕೊಂಡು ಬೆಳೆಯುವ ನೀಲಿಕಲ್ಲು ಎಂಬ ಚಿಪ್ಪುಜೀವಿಯನ್ನೇ ನೋಡಿ. ರಾಡಿಯಾದ ಕಡಲ ನೀರಿನ ಎರಡು ಗಾಜಿನ ತೊಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿ ಮಾತ್ರ ನೀಲಿಕಲ್ಲುಗಳನ್ನು ಬಿಡಬೇಕು. ಸ್ವಲ್ಪ ಹೊತ್ತಿಗೆ ಚಿಪ್ಪು ಕೂದಲೆಳೆಯಷ್ಟು ಬಾಯಿ ತೆರೆಯುತ್ತದೆ. ಅಂಚಿನಲ್ಲಿ ನವಿರಾದ ಝಾಲರು ಕಾಣುತ್ತದೆ. ಒಳಗೆಳೆದ ನೀರಿನಿಂದ ಆಹಾರದ ಕಣಗಳನ್ನು ಹಿಡಿದುಕೊಂಡು ಉಳಿದ ನೀರನ್ನು ಹೊರಗೆ ಬಿಡುತ್ತದೆ. ಬೆಳೆದ ಒಂದು ಚಿಪ್ಪು ಗಂಟೆಗೆ ಲೀಟರುಗಟ್ಟಲೆ ನೀರು ಸೋಸಬಲ್ಲದು. ಮಧ್ಯಾಹ್ನದ ಹೊತ್ತಿಗೆ ಎರಡು ತೊಟ್ಟಿಗಳ ವ್ಯತ್ಯಾಸ ಯಾರೂ ವಿವರಿಸದೆಯೇ ಕಣ್ಣಿಗೆ ಕಾಣುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವ ಮಕ್ಕಳಿಗೆ ಇದಕ್ಕಿಂತ ಬೇಗ ಅರ್ಥವಾಗುವ ಪಾಠ ಬೇರೆ ಯಾವುದಿದೆ? ಕಾಂಡ್ಲಾ ಗಿಡಗಳ ಕೆಸರಿನಲ್ಲಿ ರೆಕ್ಕೆಯೂರಿ ಜಿಗಿಯುವ ಮೀನು, ಖಾಲಿ ಶಂಖವನ್ನು ಮನೆ ಮಾಡಿಕೊಂಡ ಏಡಿ, ಅಘನಾಶಿನಿಯ ಬಳಚು ಚಿಪ್ಪು, ಎಲ್ಲವೂ ಆ ಕರಾವಳಿಯವೇ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಆ ಗೌರವ ಯಾಕೆ ಸಿಕ್ಕಿತೆಂದು ಜನಕ್ಕೆ ತಿಳಿಯುವುದು ಅಲ್ಲಿನ ಜೀವಿಗಳನ್ನು ಕಂಡಾಗ.

ಕಡಲ ಜೀವಿಗಳನ್ನು ಉಳಿಸಿಕೊಳ್ಳುವುದು ಕಷ್ಟ, ದುಬಾರಿ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅದು ಏರುಪೇರಾಗಬಾರದು. ಮಳೆಗಾಲದಲ್ಲಿ ಕಾಳಿ ನದಿಯ ನೀರು ನುಗ್ಗಿ ದಡದ ನೀರು ಸಪ್ಪೆಯಾಗುತ್ತದೆ, ಆದ್ದರಿಂದ ಮುಂಚೆಯೇ ನೀರು ಹಿಡಿದಿಡುವ ಟ್ಯಾಂಕು ಬೇಕು. ಗುಂಪುಗಟ್ಟಿ ಸದಾ ಈಜುತ್ತಲೇ ಇರುವ ಬಂಗುಡೆಯನ್ನು ಚಿಕ್ಕ ತೊಟ್ಟಿಯಲ್ಲಿ ಇಡಲೇಬಾರದು. ಅದನ್ನು ವಿಡಿಯೊದಲ್ಲಿ ತೋರಿಸಿದರೆ ಸಾಕು. ಆದರೆ ಅಳಿವೆಯ, ಬಂಡೆಯ ಜೀವಿಗಳು ಉಬ್ಬರವಿಳಿತದ ಏರಿಳಿತ ತಾಳಿಕೊಂಡು ಬದುಕುವಂಥವು. ಬೆಂಗಳೂರಿಗೆ ಕಡಲ ನೀರು ತರಿಸಬೇಕು. ಕಾರವಾರದಲ್ಲಿ ಅದು ಬಾಗಿಲಲ್ಲೇ ಇದೆ. ತಿಳಿದವರೂ ಅಲ್ಲೇ ಇದ್ದಾರೆ: ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಕಡಲಲ್ಲೇ ಪಂಜರ ಕಟ್ಟಿ ಮೀನು ಸಾಕಿ ತೋರಿಸಿದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ.

ಜನರಿಗೆ ಬಣ್ಣದ ಮೀನೇ ಬೇಕು ಎನ್ನುವವರಿದ್ದಾರೆ. ನೋಡಸಿಕ್ಕಿದ್ದು ಅದೊಂದೇ ಆದಾಗ ಜನ ಅದನ್ನೇ ಕೇಳುತ್ತಾರೆ. ಹೊರದೇಶದ ಮೀನುಗಳ ಮೋಹಕ್ಕೆ ಬೆಲೆಯೂ ಇದೆ. ಗಾಜು ಶುಚಿ ಮಾಡಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಸಾಕಿದವರ ಕೈತಪ್ಪಿ ದೇಶದ ಕೆರೆ ನದಿಗಳನ್ನು ಸೇರಿ, ಮುಳ್ಳುರೆಕ್ಕೆಗಳಿಂದ ಮೀನುಗಾರರ ಬಲೆ ಹರಿಯುತ್ತಿದೆ. ಇನ್ನು, ಜೀವಿಗಳನ್ನು ಕೂಡಿಹಾಕುವುದೇ ತಪ್ಪು ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಕಾರಣಕ್ಕೇ ಮನೆಯಂಥ ಜಾಗ ಕೊಡಬಹುದಾದ ಕೆಲವೇ ಜೀವಿಗಳು ಸಾಕು ಎನ್ನುತ್ತೇನೆ. ಸುರಂಗ ಅಕ್ವೇರಿಯಂ ಬೇಡ. ಬರದ ನಾಡಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, ಸಂತೆಗೆ ಬರುವ ಒಣಮೀನು ಎಲ್ಲಿ ಹಿಡಿದದ್ದೆಂದು ತಿಳಿಯುವ ಹಕ್ಕು ಅದನ್ನು ತಿನ್ನುವ ಮಕ್ಕಳಿಗೂ ಇದೆ.

ಶಾಲಾ ಪ್ರವಾಸಗಳು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಹೊರಡುತ್ತವೆ. ಅಷ್ಟರೊಳಗೆ ಕಾರವಾರದಲ್ಲಿ ನಾಲ್ಕೈದು ತೊಟ್ಟಿಗಳನ್ನಾದರೂ ಸ್ಥಳೀಯ ಜೀವಿಗಳಿಗೆ ಮೀಸಲಿಡಿಸಿ. ಪ್ರತಿ ತೊಟ್ಟಿಯ ಮೇಲೂ ಮೀನುಗಾರರು ಕರೆಯುವ ಹೆಸರು, ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ. ವಿವರಿಸುವ ಕೆಲಸಕ್ಕೆ ಮೀನುಗಾರ ಸಮುದಾಯದ ಯುವಕ ಯುವತಿಯರನ್ನೇ ಸಂಬಳ ಕೊಟ್ಟು ನೇಮಿಸಿ.

ಇತಿ ತಮ್ಮ ವಿಶ್ವಾಸಿ,
ದೇವಸಮುದ್ರದ ಒಬ್ಬ ನಾಗರಿಕ