ಚಳಿಗ್ಯಾಕ್ರೀ ಬೈತೀರಾ?

ಡಿಸೆಂಬರ್ ಬಂದ್ರೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಎಷ್ಟೋ ಲಾರಿ ಮಾಲೀಕರದ್ದು ಒಂದೇ ನೆಪ: ‘ಚಳಿ ಸಾರ್, ಗಾಡಿ ಸ್ಟಾರ್ಟ್ ಆಗ್ತಿಲ್ಲ.’ ಸ್ವಾಮೀ, ಡೀಸೆಲ್ ಮೇಣದಂತೆ ಗಟ್ಟಿಯಾಗೋದು ಲಡಾಖ್‌ನಲ್ಲಿ, ನಮ್ಮ ಬಯಲುಸೀಮೆಯಲ್ಲಲ್ಲ. ಇಲ್ಲಿನ ಚಳಿ ರೋಗ ತರಲ್ಲ, ಒಳಗಿರೋ ರೋಗ ತೋರಿಸುತ್ತೆ ಅಷ್ಟೆ.

ಸೆಲ್ಫ್ ನಿಧಾನಕ್ಕೆ ತಿರುಗಿದ್ರೆ ಬ್ಯಾಟರಿ, ಟರ್ಮಿನಲ್ ನೋಡಿ. ಜೋರಾಗಿ ತಿರುಗಿಯೂ ಹೊಗೆಯೇ ಬರದಿದ್ರೆ ಡೀಸೆಲ್ ತಲುಪ್ತಿಲ್ಲ: ಫಿಲ್ಟರ್ ಕಟ್ಟಿರುತ್ತೆ, ಇಲ್ಲಾ ಲೈನ್‌ನಲ್ಲಿ ಏರ್ ಹಿಡಿದಿರುತ್ತೆ. ಬಿಳಿ ಹೊಗೆ ಬಂದ್ರೆ ಡೀಸೆಲ್ ತಲುಪ್ತಿದೆ, ಉರೀತಿಲ್ಲ: ಹೀಟರ್, ಇಂಜೆಕ್ಟರ್, ಕಂಪ್ರೆಷನ್ ನೋಡಿಸಿ.

ಇದಕ್ಕೆ ದುಡ್ಡು ಬಿಚ್ಚದೆ, ಬೆಳಗಿನ ಜಾವ ಡ್ರೈವರ್ ಕೈಲಿ ಏರ್ ಫಿಲ್ಟರ್ ಹತ್ರ ಬೆಂಕಿ ಹಿಡಿಸ್ತಾರೆ. ಪಾರ್ಸೆಲ್ ತಡವಾಯ್ತು ಅಂತ ನಾವೂ ಅವನಿಗೇ ಬೈತೀವಿ. ಮಾಲೀಕರೇ, ಬೈಗುಳ ಸಾಕು, ಮೊದಲು ಬ್ಯಾಟರಿ ಬದಲಾಯಿಸಿ.