ಅಜ್ಜಿಯ ದನಿಗೆ ಗಣಕಯಂತ್ರದಲ್ಲಿ ಜಾಗವಿಲ್ಲವೇ?

ಕನ್ನಡದ ತರುಣರೇ,

ಬೆಂಗಳೂರಿನಿಂದ ರೈಲು ಹತ್ತಿ, ಅಜ್ಜಂಪುರದಲ್ಲಿ ಇಳಿದು, ಹಬ್ಬಕ್ಕೆಂದು ಬುಕ್ಕಾಂಬುಧಿಗೆ ಹೋಗುವ ಹುಡುಗನೊಬ್ಬನನ್ನು ನೆನೆದುಕೊಳ್ಳಿ. ಅವನ ಅಜ್ಜಿಗೆ ರಾತ್ರಿಯಿಡೀ ಹಾಡುವಷ್ಟು ಬೀಸುವ ಪದ, ಸೋಬಾನೆ ಪದ ಬರುತ್ತವೆ. ಒಂದನ್ನೂ ಯಾರೂ ಬರೆದಿಟ್ಟಿಲ್ಲ. ಹುಡುಗ ಅಜ್ಜಿಯನ್ನು ಮನೆಯ ಕಂಪ್ಯೂಟರಿನ ಮುಂದೆ ಕೂರಿಸುತ್ತಾನೆ. ಅಜ್ಜಿ ಮನಸಾರೆ ಹಾಡುತ್ತಾಳೆ. ಆಮೇಲೆ ಹಾಕಿ ಕೇಳಿದರೆ ಬರೀ ಗುಂಯ್ ಸದ್ದು!

ತಪ್ಪು ಎಲ್ಲಿ? ಮೇಜಿನ ಮೇಲಿನ ಕಂಪ್ಯೂಟರಿಗೆ ಸಾಮಾನ್ಯವಾಗಿ ಮೈಕೇ ಇರುವುದಿಲ್ಲ, ಬೇರೆ ಕೊಳ್ಳಬೇಕು. ಡಬ್ಬದ ಹಿಂದೆ ಒಂದೇ ಅಳತೆಯ ಮೂರು ತೂತು. ಗುಲಾಬಿ ಬಣ್ಣದ್ದು ಮೈಕಿಗೆ, ಹಸಿರು ಸ್ಪೀಕರಿಗೆ, ನೀಲಿ ಟೇಪ್‌ರೆಕಾರ್ಡರಿನಂಥ ಯಂತ್ರಕ್ಕೆ. ಭಜನೆಯ ಮೈಕನ್ನು ತಂದು ಚುಚ್ಚಿದರೆ ದನಿ ಸಣ್ಣ, ಗುಂಯ್ ದೊಡ್ಡದು. ಎಲ್ಲ ಸರಿಯಿದ್ದರೂ ಈಗಿನ ವಿಂಡೋಸ್‌ನಲ್ಲಿ ಮೈಕಿಗೆ ಅನುಮತಿ ಕೊಡುವ ಗುಂಡಿ ಸೆಟ್ಟಿಂಗ್ಸ್‌ನ ಒಳಗೆ, ಪ್ರೈವೆಸಿ ಎಂಬ ಮೂಲೆಯಲ್ಲಿ ಅಡಗಿದೆ. ಅದು ಮುಚ್ಚಿದ್ದರೆ ಪೂರಾ ಮೌನ. ಹಿಂದೆ ವಿಂಡೋಸ್ ಎಕ್ಸ್‌ಪಿ ಕಾಲದ ಸೌಂಡ್ ರೆಕಾರ್ಡರ್ 60 ಸೆಕೆಂಡಿಗೇ ನಿಂತುಬಿಡುತ್ತಿತ್ತು.

ಇದ್ಯಾವುದೂ ಬ್ರಹ್ಮವಿದ್ಯೆಯಲ್ಲ. ಕನ್ನಡದಲ್ಲಿ ಹೇಳಿಕೊಡುವವರಿಲ್ಲ, ಅಷ್ಟೇ. ವಿಂಡೋಸ್‌ಗೆ ಕನ್ನಡದ ಮುಖ ಹಾಕಿಕೊಳ್ಳಬಹುದು. ಆದರೆ ಅಂಗಡಿಯವರು ಇಂಗ್ಲಿಷಿನಲ್ಲೇ ಕೊಡುತ್ತಾರೆ, ನಾವು ಬಾಯಿಮುಚ್ಚಿಕೊಂಡು ತರುತ್ತೇವೆ. ದುಡ್ಡು ನಮ್ಮದು, ದಾಕ್ಷಿಣ್ಯ ಯಾಕೆ?

ಅಕ್ಷರಕ್ಕಾಗಿ ಕನ್ನಡಿಗರು ದುಡಿದಿದ್ದಾರೆ. ಕೆ.ಪಿ. ರಾವ್ ಕೀಲಿಮಣೆ ಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ' ರೂಪಿಸಿತು. ಈಗ ದನಿಯ ಸರದಿ. ಯಂತ್ರಗಳು ಮಾತು ಕಲಿಯುತ್ತಿವೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಭಾಷಿಣಿ' ಯೋಜನೆಯು 'ಬೋಲೋ ಇಂಡಿಯಾ' ಮೂಲಕ ಜನರ ದನಿಯನ್ನೇ ಕೇಳಿ ಪಡೆಯುತ್ತದೆ. ಯಂತ್ರ ಕಲಿಯುವುದು ಅದರ ಕಿವಿಗೆ ಬಿದ್ದ ಕನ್ನಡವನ್ನು ಮಾತ್ರ. ಟಿ.ವಿ. ಕನ್ನಡವೊಂದೇ ಬಿದ್ದರೆ, ನಾಳೆ ಬುಕ್ಕಾಂಬುಧಿಯ ಅಜ್ಜಿ ಮಾತಾಡಿದಾಗ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಆಗ ಯಾರನ್ನು ಬೈಯೋಣ?

ಆದ್ದರಿಂದ ಕೈಯಾರೆ ಮಾಡಿ. ಯುಎಸ್‌ಬಿ ಮೈಕು ತನ್ನಿ. ತೂತುಗಳ ಗೊಂದಲವೇ ಇರುವುದಿಲ್ಲ. 2000ದಿಂದಲೂ ಪುಕ್ಕಟೆ ಸಿಗುತ್ತಿರುವ ಅಡಾಸಿಟಿ ಹಾಕಿಕೊಳ್ಳಿ. ಫ್ಯಾನು ಆರಿಸಿ. ಮೊದಲು ಹತ್ತು ಸೆಕೆಂಡು ಹಿಡಿದು, ಕೇಳಿ ನೋಡಿ, ಆಮೇಲೆ ಅಜ್ಜಿಯನ್ನು ಹಾಡಿಸಿ. ಮೋನೋದಲ್ಲಿ, ವೇವ್ ಕಡತವಾಗಿ ಉಳಿಸಿದರೆ ನಿಮಿಷಕ್ಕೆ ಸುಮಾರು 5 ಎಂಬಿ. 16 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ 45 ಗಂಟೆಯ ಹಾಡು ಹಿಡಿಯುತ್ತದೆ. ಮೊಬೈಲಿನಲ್ಲಿ ಹಿಡಿದರೂ ಸರಿ, ಕಂಪ್ಯೂಟರಿಗೆ ಇಳಿಸಿಡಿ. ಮೊಬೈಲು ಕಳೆದರೆ ಹಾಡೂ ಹೋಯಿತು. ಹಾಡಿದವರ ಒಪ್ಪಿಗೆ ಕೇಳಿ. ಹೆಸರು, ಊರು, ತಾರೀಖು ಬರೆದಿಡಿ.

ಸರ್ಕಾರಕ್ಕೂ ಒಂದು ಮಾತು. ಗ್ರಾಮ ಪಂಚಾಯಿತಿಯ ಪ್ರತಿ ಗ್ರಂಥಾಲಯದಲ್ಲೂ ಒಂದು ಒಳ್ಳೆಯ ಮೈಕು, ಕನ್ನಡದ ಮುಖವಿರುವ ಕಂಪ್ಯೂಟರು, ಗೋಡೆಗೆ ಅಂಟಿಸಿದ ಒಂದು ಪುಟದ ಕನ್ನಡ ಸೂಚನೆ ಇರಲಿ. ಇದಕ್ಕೆ ಕೋಟಿ ಬೇಡ, ಮನಸ್ಸು ಬೇಕು.

ಬುಕ್ಕಾಂಬುಧಿಯ ಹೆಸರಿನಲ್ಲೇ ಕಡಲಿದೆ. ಅಲ್ಲಿಯ ಪ್ರತಿ ಮುದುಕಿಯ ಎದೆಯಲ್ಲೂ ಹಾಡಿನ ಕಡಲಿದೆ. ಅದು ಬತ್ತುವ ಮೊದಲು ತುಂಬಿಕೊಳ್ಳಿ. ಈ ಸಲ ಊರಿಗೆ ಹೋಗುವಾಗ ಚೀಲದಲ್ಲಿ ಬಟ್ಟೆಯ ಜತೆ ಒಂದು ಮೈಕೂ ಇರಲಿ!